ಕೊಡಂಬಲದ ಹೆಪ್ಪು

ಹುಮನಾಬಾದಿನಿಂದ ದಿನಾ ಬಸ್ಸು ಹಿಡಿದು ಬಸವಕಲ್ಯಾಣದ ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸುವವಳು ನಾನು. ನಮ್ಮ ಶಾಲೆಯಲ್ಲಿ ಇರುವುದು ಒಂದೇ ಸೂಕ್ಷ್ಮದರ್ಶಕ. ಅದನ್ನು ಕಪಾಟಿನಿಂದ ಹೊರಗೆ ತೆಗೆದ ದಿನ ನನಗೆ ಸ್ವಲ್ಪ ಜಂಬ ಬರುತ್ತದೆ, ಒಪ್ಪಿಕೊಳ್ಳುತ್ತೇನೆ.

ಆ ಬುಧವಾರ ಒಂಬತ್ತನೇ ತರಗತಿಗೆ ಜೀವಕೋಶದ ಪಾಠವಿತ್ತು. ಈರುಳ್ಳಿಯ ತೆಳು ಪೊರೆಯಲ್ಲಿ ಇಟ್ಟಿಗೆ ಜೋಡಿಸಿದಂತಿರುವ ಕೋಶಗಳನ್ನು ತೋರಿಸಿದೆ. ಆಮೇಲೆ ನನ್ನ ಕೆನ್ನೆಯ ಒಳಗಿನಿಂದ ಕೆರೆದು ತೆಗೆದದ್ದನ್ನು ತೋರಿಸಿದೆ. ಗಿಡದ ಕೋಶಕ್ಕೆ ಗೋಡೆಯಿದೆ, ನಮ್ಮದಕ್ಕಿಲ್ಲ, ಎರಡರಲ್ಲೂ ಕೋಶಕೇಂದ್ರವಿದೆ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ನಾನಾಗುವುದು ಹೇಗೆ! ಮೊಸರಿನ ತಿಳಿಯ ಹನಿಗೆ ನೀಲಿ ಬಣ್ಣ ಹಾಕಿ, ಕಡ್ಡಿ ಚೂರಿನಂಥ ಬ್ಯಾಕ್ಟೀರಿಯಾಗಳನ್ನು ತೋರಿಸಿ, "ಇವಕ್ಕೂ ಜೀವ ಅದ. ನೀವು ದಿನಾ ಇವನ್ನ ಉಣ್ಣತೀರಿ" ಎಂದು ನಕ್ಕೆ.

ಶನಿವಾರ, ಮುಡಬಿಯಿಂದ ಬರುವ ಒಬ್ಬ ಹುಡುಗಿ ಕ್ಲಾಸು ಮುಗಿದ ಮೇಲೆ ನನ್ನ ಮುಂದೆ ನಿಂತು ಅತ್ತಳು.

"ನಮ್ಮ ಆಯಿ ಮೊಸರು ಬಿಟ್ಟಾಳ್ರಿ ಮೇಡಂ. ಅದ್ರಾಗ ಜೀವ ಅದಾವಂತ ನಾನೇ ಹೇಳಿದ್ದೆ. ಮೂರು ದಿನ ಆಯ್ತು, ಚಹಾದ ಜೋಡಿ ಎರಡು ತುತ್ತು ನುಚ್ಚು ಅಷ್ಟೇ ಉಣ್ಣಾಕತ್ತಾಳ."

ಅವಳ ಆಯಿ, ಅಂದರೆ ಅಜ್ಜಿ, ಲಿಂಗಪೂಜೆ ಮಾಡದೆ ಬಾಯಿಗೆ ನೀರೂ ಹಾಕದವರು. ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟಿದವರಲ್ಲ. ಹಲ್ಲಿಲ್ಲದ ಬಾಯಿಗೆ ಜೋಳದ ನುಚ್ಚು, ಮೊಸರು ಬಿಟ್ಟರೆ ಬೇರೆ ಊಟ ಸೇರುತ್ತಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಭಾನುವಾರ ಆಟೋ ಹತ್ತಿ ಮುಡಬಿಗೆ ಹೋದೆ. ದಾರಿಯುದ್ದಕ್ಕೂ ವಾದ ಹೊಂದಿಸಿಕೊಂಡಿದ್ದೆ. ಬ್ಯಾಕ್ಟೀರಿಯಾ ಪ್ರಾಣಿಯಲ್ಲ, ಸಸ್ಯವೂ ಅಲ್ಲ, ಅಣಬೆಯ ಜಾತಿಯೂ ಅಲ್ಲ. ಒಂದೇ ಕೋಶ, ಅದರಲ್ಲಿ ಕೋಶಕೇಂದ್ರವೂ ಇಲ್ಲ, ಅವುಗಳ ಗುಂಪೇ ಬೇರೆ. ಗೋಡೆಗೆ ಒರಗಿ ಕೂತಿದ್ದ ಆಯಿ ಎಲ್ಲವನ್ನೂ ಕೇಳಿಸಿಕೊಂಡರು.

"ಕುರಿ ಅಲ್ಲ, ಕೋಳಿ ಅಲ್ಲ, ಗಿಡಾನೂ ಅಲ್ಲ. ಆದ್ರ ಜೀವ ಅದ, ಹೌದಿಲ್ಲೋ?"

"ಹೌದ್ರಿ ಆಯಿ."

"ಮತ್ತ?"

ಜೋಳದ ಕಾಳಿಗೂ ಜೀವವಿದೆ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ನುಚ್ಚನ್ನೂ ಬಿಟ್ಟರೆ ಗತಿಯೇನು?

ಗೋಡೆಯ ಮಾಡದಲ್ಲಿ ಬಟ್ಟೆ ಮುಚ್ಚಿದ ಒಂದು ಸಣ್ಣ ಬಟ್ಟಲಿತ್ತು. ಅದೇನೆಂದು ಕೇಳಿದೆ.

"ಹೆಪ್ಪು," ಎಂದರು ಆಯಿ. "ಲಗ್ನ ಆಗಿ ಕೊಡಂಬಲದಿಂದ ಬರೋ ಮುಂದ ನಮ್ಮವ್ವ ಉಡಿ ತುಂಬಿ, ಗಿಂಡಿಯಾಗ ಹಾಕಿ ಕೊಟ್ಟಿದ್ಳು. ಅವತ್ತಿಂದ ಒಂದು ಸಂಜೀನೂ ತಪ್ಪಿಸಿಲ್ಲ. ಓಣಿ ಮಂದೆಲ್ಲಾ ಇಲ್ಲಿಂದೇ ಒಯ್ಯತಾರ. ಈಗ ಚೆಲ್ಲಾಕ ಮನಸ್ಸು ಬರವಲ್ದು, ಮುಟ್ಟಾಕ ಅಂಜಿಕಿ."

"ಅವತ್ತು ಗಿಂಡಿಯಾಗ ಬಂದವುಗಳ ವಂಶನೇ ಇದು ಆಯಿ. ನೀವು ಹಾಕಿದ ಹಾಲು ಉಂಡೇ ಬೆಳದಾವ."

"ಹಾಲು ಹಾಕದಿದ್ರ?"

"ಸಾಯ್ತಾವ್ರಿ."

ಉಪಾಯ ಹೂಡಿ ಹೇಳಿದ ಮಾತಲ್ಲ ಅದು, ಕೇಳಿದ್ದಕ್ಕೆ ಉತ್ತರ ಅಷ್ಟೆ. ಆಯಿಯ ಮುಖ ಇಳಿಯಿತು.

"ಅಯ್ಯ ಶಿವನೇ, ನಾಲ್ಕು ದಿನ ಉಪಾಸ ಕೆಡವಿದ್ನಲ್ಲ ಇವನ್ನ!" ಎಂದು ಕೈಯೂರಿ ಎದ್ದರು. ಸೊಸೆಯನ್ನು ಕೂಗಿ ಹಾಲು ಕಾಯಿಸಲು ಹೇಳಿದರು. ಬಿಸಿ ಆರಿದೆಯೇ ಎಂದು ಬೆರಳಿಟ್ಟು ನೋಡಿ, ತಾವೇ ಹೆಪ್ಪು ಹಾಕಿದರು.

ಮಂಗಳವಾರ ಹುಡುಗಿ ನನಗೊಂದು ಡಬ್ಬಿ ಮೊಸರು ತಂದಳು.

"ಆಯಿ ಉಂಡ್ರೇನು?" ಎಂದೆ.

"ಎರಡು ಸಲ ನೀಡಿಸ್ಕೊಂಡ್ಳು ಮೇಡಂ. ಎಲ್ಲಾ ತಿಂದು ಮುಗಸಂಗಿಲ್ಲ, ನಾಳಿ ಹೆಪ್ಪಿಗೆ ಉಳಿಸಿ ತಿನ್ನೋದು, ಅವು ನಮ್ಮನ್ನ ಸಾಕತಾವ, ನಾವು ಅವನ್ನ ಸಾಕೋದು ಅಂತಾಳ." ಡಬ್ಬಿ ನನ್ನ ಕೈಗಿಟ್ಟು, "ಹುಡುಗರಿಗೆ ತೋರ್ಸಿದ ಮ್ಯಾಲ ಚೆಲ್ಲಬ್ಯಾಡ್ರಿ ಅಂದಾಳ. ದಿನಾ ಹಾಲು ಹಾಕ್ಬೇಕಂತ," ಎಂದಳು.

ಹಿಂದಿನ ಬುಧವಾರ ಪಾಠ ಮುಗಿದ ಮೇಲೆ ಮೊಸರಿನ ಹನಿಯಿದ್ದ ಗಾಜಿನ ಪಟ್ಟಿಯನ್ನು ನಾನು ನಲ್ಲಿ ಕೆಳಗೆ ಹಿಡಿದು ತೊಳೆದುಬಿಟ್ಟಿದ್ದೆ. ಆ ಮಂಗಳವಾರ ಸಂಜೆ ಹುಮನಾಬಾದಿನಲ್ಲಿ ಬಸ್ಸಿಳಿದವಳು ಮೊದಲು ಅರ್ಧ ಲೀಟರ್ ಹಾಲು ಕೊಂಡೆ.