ಗಾಳಿಗೆ ಟೇಪು ಹಚ್ಚಿದ ಲಾನಕ್ಕ

ಕೆಲಸಕ್ಕೆ ಸೇರಿದ ಮೊದಲ ದಿನ ಶಹ್ರುಲ್ ಮೂರು ಮನೆಗಳ ಗಾಳಿಯನ್ನು ಚೀಲಗಳಲ್ಲಿ ತುಂಬಿಸಿಕೊಂಡು ಬರಬೇಕಿತ್ತು. ಅವನು ಪರೀಕ್ಷಾಲಯದ ಮೇಜಿನ ಮೇಲಿಟ್ಟದ್ದು ಅಚ್ಚುಕಟ್ಟಾಗಿ ಮಡಚಿದ ಮೂರು ಖಾಲಿ ಚೀಲ. ಉಬ್ಬಿದ ಚೀಲಗಳು ಬೈಕಿನ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲವೆಂದು ದಾರಿಯಲ್ಲೇ ಹಿಂಡಿಬಿಟ್ಟಿದ್ದ. ಒಳಗಿರುವುದು ಬರೀ ಗಾಳಿ ತಾನೇ ಎಂದುಕೊಂಡಿದ್ದ ಮಹಾನುಭಾವ! ಅಂಥವನೇ ಎರಡು ವರ್ಷದ ಮೇಲೆ ಸಿಂಗಾಪುರದ ಪುಂಗೋಲಿನಲ್ಲಿ, ವಿದ್ಯುತ್ತು ಉಳಿಸಲೆಂದು ಕಟ್ಟಿದ ಹೊಸ ‘ಹಸಿರು’ ಕಟ್ಟಡಗಳಲ್ಲಿ ಮನೆಮನೆ ಹೊಕ್ಕು ಗಾಳಿ ಅಳೆದು, ಜನರಿಗೆ ಉಪದೇಶ ಬೇರೆ ಮಾಡುತ್ತಿದ್ದ.

ಆ ದಿನ ಹದಿನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದವಳು ಲಾನಕ್ಕ. ಮಲೇಷ್ಯಾದ ಇಪೋ ಊರಿನವಳು, ಅರವತ್ತೊಂದರ ಗಟ್ಟಿ ಹೆಂಗಸು. ಗಡಿ ದಾಟಿ ಸಿಂಗಾಪುರಕ್ಕೆ ಬಂದು, ಒಂದೊಂದು ಮನೆಯಲ್ಲಿ ಇಪ್ಪತ್ತೆಂಟು ದಿನ ನಿಂತು ಬಾಣಂತನ ಮಾಡುವುದು ಅವಳ ಮೂವತ್ತು ವರ್ಷದ ಕಸುಬು. ಗಂಡ ಬಿಟ್ಟುಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು, ಬಾಣಂತಿಯರಿಗೆ ಶುಂಠಿ ಹುರಿದು ಹಂದಿಕಾಲು ಬೇಯಿಸಿದ ಇದೇ ಕೈ. ಅವಳಿಗೆ ಲೋಕದಲ್ಲಿದ್ದ ಶತ್ರು ಒಂದೇ, ಗಾಳಿ. ಬಾಣಂತಿಯ ಕೀಲಿನೊಳಗೆ ಹೊಕ್ಕು ಕೂತು, ಮುಪ್ಪಿನಲ್ಲಿ ಎದ್ದು ಕಾಡುವ ಗಾಳಿ.

“ನಿನ್ನೆಯಿಂದ ಮಗೂದು ಉಸಿರು ಗೊರಗೊರ ಅಂತಿದೆ. ಹಾಲಿಗೂ ಏಳ್ತಿಲ್ಲ,” ಎಂದಳು ಬಾಣಂತಿ ಪೇ ಶಾನ್, ಹಣೆ ಒತ್ತಿಕೊಳ್ಳುತ್ತ. “ನಂಗೂ ತಲೆ ಸಿಡೀತಿದೆ.”

“ನಿದ್ದೆ ಮಾಡೋ ಮಗು ಸಿಕ್ಕಿದ್ದು ನಿನ್ನ ಪುಣ್ಯ ಕಣೇ,” ಎಂದಳು ಲಾನಕ್ಕ. “ಏನೋ ತಮ್ಮಾ, ಆ ಡಬ್ಬಿ ಹಿಡ್ಕೊಂಡು ದೆವ್ವ ಹುಡುಕೋಕ್ ಬಂದ್ಯಾ? ಮೊದ್ಲು ಬಾಗ್ಲು ಹಾಕು, ಗಾಳಿ ಬರುತ್ತೆ!”

ಕೋಣೆಯಲ್ಲಿ ಹೊಸ ಕಪಾಟಿನ ಅಂಟಿನ ವಾಸನೆಯ ಮೇಲೆ ಶುಂಠಿಯ ಘಾಟು ಕೂತಿತ್ತು. ಯಂತ್ರದ ಅಂಕಿ ಏರತೊಡಗಿತು. ಬಿಟ್ಟ ಉಸಿರಿನ, ಅಂದರೆ ಇಂಗಾಲದ ಡೈಆಕ್ಸೈಡಿನ, ಲೆಕ್ಕ ಸಾವಿರದೊಳಗಿರಬೇಕು. ಎರಡು ಸಾವಿರ ದಾಟಿತು, ಮೂರು ದಾಟಿತು, ನಿಲ್ಲಲಿಲ್ಲ. ಅಂಟಿನ ವಿಷವಂತೂ ಮಿತಿಯ ನಾಲ್ಕು ಪಟ್ಟು. ಶಹ್ರುಲ್ ಯಂತ್ರವನ್ನು ಎರಡು ಸಲ ತಟ್ಟಿದ. ಅವನ ಪರಿಣತಿ ಅಲ್ಲಿಗೆ ಮುಗಿಯಿತು. ಆಮೇಲೆ ತಲೆಯೆತ್ತಿದ.

ಮಂಚದ ಮೇಲ್ಗಡೆ, ಹೊರಗಿನ ಗಾಳಿ ಒಳಬರುವ ಅಂಗೈಯಗಲದ ಜಾಲರಿಗೆ ಕಂದು ಟೇಪು. ನಾಲ್ಕು ಪದರ, ಮೂಲೆಗಳನ್ನು ಉಗುರಿನಿಂದ ಒತ್ತಿ ಒತ್ತಿ ಕೂರಿಸಿತ್ತು. ಹಳೇ ಮನೆಗಳಲ್ಲಿ ಎಷ್ಟು ಮುಚ್ಚಿದರೂ ಕಿಟಕಿಯ ಸಂದುಗೊಂದಿಗಳು ಉಸಿರಾಡುತ್ತಿದ್ದವು. ತಂಪು ಸೋರದಂತೆ ಕಟ್ಟಿದ ಈ ಕೋಣೆಗಿದ್ದದ್ದು ಆ ಒಂದೇ ಮೂಗು.

ಅವನು ಕುರ್ಚಿ ಹತ್ತಿ ಪರಪರನೆ ಕಿತ್ತ.

“ಅಯ್ಯೋ ಪಾಪಿ, ನೇರ ಅವಳ ಮೇಲೇ ಬೀಸುತ್ತಲ್ಲೋ! ನಿಮ್ಮಮ್ಮ ನಿನ್ನ ಹೆತ್ತಾಗ ಫ್ಯಾನಿನ ಕೆಳಗೆ ಮಲಗಿದ್ಲಾ?”

“ಮಲಗಿದ್ರೆ ನಂಗೆ ಇನ್ನೊಂಚೂರು ಬುದ್ಧಿ ಇರ್ತಿತ್ತು ಲಾನಕ್ಕಾ. ಮಗೂನ ಆಚೆ ಕರ್ಕೊಂಡ್ ಹೋಗಿ. ಈಗ್ಲೇ.”

ಪೇ ಶಾನ್ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲೇ ಲಿಫ್ಟಿಗೆ ಓಡಿದಳು. ಬಟ್ಟೆಯ ಸುತ್ತಿನಿಂದ ಹೊರಬಿದ್ದ ಪುಟ್ಟ ಕೈ ಅವಳ ಓಟಕ್ಕೆ ಸುಮ್ಮನೆ ತೂಗಾಡುತ್ತಿತ್ತು. ಕೆಳಗೆ ಟ್ಯಾಕ್ಸಿಯ ಬಾಗಿಲು ಬಡಿದ ಸದ್ದು ಅಷ್ಟು ಎತ್ತರಕ್ಕೂ ಕೇಳಿದಂತಾಯಿತು ಅವನಿಗೆ.

ಲಾನಕ್ಕ ಮಂಚದ ಅಂಚಿನಲ್ಲಿ ಕೂತಳು. ಕೇಳಬಾರದೆಂದುಕೊಂಡೇ ಶಹ್ರುಲ್ ಕೇಳಿದ:

“ಇಂಥ ಹೊಸ ಕಟ್ಟಡಗಳಲ್ಲಿ… ಇನ್ನೆಷ್ಟು ಮನೇಲಿ ಹೀಗೆ ಅಂಟಿಸಿದೀರಿ?”

“ಎಲ್ಲಾದ್ರಲ್ಲೂ,” ಎಂದಳು ಲಾನಕ್ಕ.