ಶಿವಪುತ್ರಪ್ಪನವರು ಮಿಷಿನ್ ಎಬ್ಬಿಸುತ್ತಿದ್ದ ಬಗೆ

ಮುಂಬಯಿಯಲ್ಲಿ ಬೆಳಗಿನ ಲೋಕಲ್ ರೈಲು ಹಿಡಿದು ಮಾಟುಂಗದಿಂದ ಬೋರಿಬಂದರಕ್ಕೆ ಹೋಗುವವರಲ್ಲಿ ಗುಮಾಸ್ತರಿದ್ದಾರೆ, ಬ್ಯಾಂಕಿನವರಿದ್ದಾರೆ, ಹೋಟೆಲಿನವರಿದ್ದಾರೆ. ಕಂಪ್ಯೂಟರನ್ನು ಎಬ್ಬಿಸಲು ಹೋಗುತ್ತಿದ್ದವರು ನಮ್ಮ ಚಾಳಿನ ಶಿವಪುತ್ರಪ್ಪನವರು ಒಬ್ಬರೇ! ನಾನು ನಮ್ಮ ಕಾಲೇಜಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಅವರು ಗುಳೇದಗುಡ್ಡದ ನೇಕಾರರ ಮನೆಯವರು. ಪರೇಲಿನ ಗಿರಣಿಯಲ್ಲಿ ಹನ್ನೊಂದು ವರ್ಷ ನೂಲು ಜೋಡಿಸಿದರು. ಸೂಕ್ಷ್ಮ ಕೈ ಬೇಕೆಂದು ಐವತ್ತೈದನೇ ಇಸವಿಯಲ್ಲಿ ಫೋರ್ಟಿನ ಒಂದು ಪ್ರಯೋಗಶಾಲೆಯವರು ಅವರನ್ನು ಕರೆದುಕೊಂಡರು. ಎರಡು ವರ್ಷ ತಂತಿಗೆ ಬೆಸುಗೆ ಹಾಕಿದ್ದೇ ಹಾಕಿದ್ದು. ಮಿಷಿನ್ ತಯಾರಾದ ಮೇಲೆ ಅದನ್ನು ದಿನಾ ಶುರು ಮಾಡುವ ಕೆಲಸವೂ ಅವರದೇ ಆಯಿತು.

ಶುರು ಮಾಡುವುದೆಂದರೆ ಫ್ಯಾನ್ ಹಾಕಿದ ಹಾಗಲ್ಲ ಮತ್ತೆ. ಕರೆಂಟ್ ತೆಗೆದರೆ ಆ ಮಿಷಿನ್ನಿಗೆ ಎಲ್ಲ ಮರೆತುಹೋಗುತ್ತದೆ. ಲೆಕ್ಕ ಮಾಡುವ ಕ್ರಮವೆಲ್ಲ ತೂತು ಹೊಡೆದ ಕಾಗದದ ಪಟ್ಟಿಯಲ್ಲಿದೆ ನಿಜ, ಆದರೆ ಪಟ್ಟಿಯನ್ನು ಓದುವುದು ಹೇಗೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ! ಹಾಗಾಗಿ ಮೊದಲ ಹದಿನಾಲ್ಕು ಆಜ್ಞೆಗಳನ್ನು ಯಾರಾದರೂ ಕೈಯಾರೆ ತುಂಬಬೇಕು. ಸ್ವಿಚ್ಚುಗಳ ಸಾಲಿನಲ್ಲಿ ಕೆಲವನ್ನು ಏರಿಸಿ, ಕೆಲವನ್ನು ಇಳಿಸಿ, ಒಂದೊಂದು ಆಜ್ಞೆಗೂ ಬಟನ್ ಒತ್ತಬೇಕು. ಅಷ್ಟು ಒಳಗೆ ಹೋದರೆ ಪಟ್ಟಿ ಓದಲು ಬರುತ್ತದೆ. ಮಿಕ್ಕಿದ್ದನ್ನೆಲ್ಲ ಪಟ್ಟಿಯೇ ಹೇಳಿಕೊಡುತ್ತದೆ.

ಶಿವಪುತ್ರಪ್ಪನವರು ಕೈ ತೊಳೆಯದೆ ಆ ಸ್ವಿಚ್ಚುಗಳನ್ನು ಮುಟ್ಟುತ್ತಿರಲಿಲ್ಲ.

"ಆ ಮಿಷಿನ್ನ ಎಬ್ಬಸಾಕ ಹದಿನಾಲ್ಕ ಮಾತ ಸಾಕಂತ. ನಿಮ್ಮನ್ನ ಎಬ್ಬಸಾಕ ನನಗ ನಲವತ್ತ ಬೇಕ ನೋಡ್ರಿ," ಎಂದು ಅವರ ಹೆಂಡತಿ ನಾಗವ್ವ ಅಣಕಿಸುತ್ತಿದ್ದರು.

"ಅದನ್ನ ಎಬ್ಬಸೂವಾಗ ನಾ ಬೈಯೂದಿಲ್ಲಲ್ಲ," ಎನ್ನುತ್ತಿದ್ದರು ಇವರು. ಆಮೇಲೆ ಮೆಲ್ಲಗೆ, "ಗಿರಣ್ಯಾಗ ನಾ ಸಾವಿರದಾಗ ಒಬ್ಬ ಇದ್ದೆ ನಾಗವ್ವಾ. ಇಲ್ಲೆ ನಾ ಬರೂತನಾ ಅದು ಏಳೂದಿಲ್ಲ."

ಸಂಜೆ ಎಲ್ಲ ಸ್ವಿಚ್ಚನ್ನೂ ಇಳಿಸಿ ಹೋಗಬೇಕು ಎಂದು ನಿಯಮ. ಅದೊಂದು ಅವರಿಂದ ಆಗುತ್ತಿರಲಿಲ್ಲ. ನೇಕಾರರು ಮಗ್ಗವನ್ನು ಪೂರಾ ಬರಿದು ಮಾಡುವುದಿಲ್ಲ. ಬಟ್ಟೆ ಕೊಯ್ದ ಮೇಲೂ ಹಳೆ ನೂಲಿನ ಗೇಣುದ್ದ ಎಳೆಗಳನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ನೂಲನ್ನು ಒಂದೊಂದೇ ಎಳೆಯಾಗಿ ಅದಕ್ಕೆ ಹೊಸೆದು ಎಳೆದರೆ ಎಲ್ಲವೂ ಸರಿಯಾದ ಸಂದಿಯಲ್ಲಿ ಒಳಗೆ ಬರುತ್ತದೆ. ಇವರೂ ಹಾಗೇ, ಮೊದಲ ಆಜ್ಞೆಯನ್ನು ಸ್ವಿಚ್ಚಿನ ಮೇಲೆ ಹಾಕಿಟ್ಟೇ ಮನೆಗೆ ಬರುತ್ತಿದ್ದರು. ಬೆಳಗ್ಗೆ ತಾವೇ ಇಳಿಸಿ ಕ್ರಮವಾಗಿ ಶುರು ಮಾಡುತ್ತಿದ್ದರು. ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಅವರಿಗೆ ಜ್ವರ ಬಂತು. ಮಿಷಿನ್ ಶುರು ಮಾಡಲು ಉಡುಪಿ ಕಡೆಯ ಇಂಜಿನಿಯರ್ ರಮಾನಾಥರು ಕೂತರು. ಕ್ರಮ ಬರೆದಿಟ್ಟಿದ್ದ ಚೀಟಿಯ ಪ್ರಕಾರ ಮೊದಲು ಎಲ್ಲ ಸ್ವಿಚ್ಚೂ ಕೆಳಗಿರುವಾಗ ಒಮ್ಮೆ ಬಟನ್ ಒತ್ತಬೇಕು. ಕೆಳಗೇ ಇರುತ್ತವೆ ಅಂದುಕೊಂಡು ನೋಡದೆ ಒತ್ತಿದರು. ಸ್ವಿಚ್ಚಿನ ಮೇಲೆ ಉಳಿದಿದ್ದ ಆಜ್ಞೆ ತಪ್ಪು ಜಾಗಕ್ಕೆ ಹೋಗಿ ಎಲ್ಲ ಅಸ್ತವ್ಯಸ್ತ! ಪಟ್ಟಿ ನಿಲ್ಲದೆ ಓಡಿ, ಸಿಕ್ಕಿಕೊಂಡು, ಚಿಂದಿಯಾಯಿತು. ಅದು ವಿನೋದಿನಿ ಎಂಬ ಹುಡುಗಿ ಎಂಟು ದಿನ ಕೂತು ತೂತು ಹೊಡೆದ ಪಟ್ಟಿ.

ಶಿವಪುತ್ರಪ್ಪನವರು ಮರಳಿ ಹೋದಾಗ ರಮಾನಾಥರ ಮುಖ ಸಣ್ಣದಾಗಿತ್ತು. "ನಾನೇ ಎಲ್ಲಿಯೋ ತಪ್ಪಿದೆ ಮಾರಾಯ್ರೆ. ಎಂತ ಅಂತ ಇನ್ನೂ ಗೊತ್ತಾಗ್ಲಿಲ್ಲ."

ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಹೇಳಿದರೆ ಸ್ವಿಚ್ಚಿನ ಕೆಲಸ ಹೋಗುವುದು ಖಂಡಿತ. ಮಧ್ಯಾಹ್ನದವರೆಗೆ ತಡೆದರು. ಊಟದ ಡಬ್ಬಿ ಬಿಚ್ಚಿದವರು ಹಾಗೇ ಮುಚ್ಚಿಟ್ಟರು. ಎದ್ದು ರಮಾನಾಥರ ಹತ್ತಿರ ಹೋದರು.

"ತಪ್ಪು ನಂದೈತ್ರಿ ಸಾಹೇಬ್ರ." ಮಗ್ಗದ ಕತೆ ಎಲ್ಲ ಹೇಳಿದರು.

"ಅಯ್ಯೋ ಕಾಕಾ, ನನ್ನ ಬೆರಳಿಗೆಲ್ಲ ಬೊಬ್ಬೆ ಬಂದಿತ್ತು!" ಎಂದಳು ಅಲ್ಲೇ ಕೂತಿದ್ದ ವಿನೋದಿನಿ.

ರಮಾನಾಥರು ಬೈಯಲಿಲ್ಲ. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಆ ಗೇಣುದ್ದದ ತುಂಡನ್ನು ಸ್ವಿಚ್ಚಿನ ಮೇಲೆ ಯಾಕೆ ಬಿಡುದು? ಮಿಷಿನ್ ಒಳಗೇ ಬಿಡುವ. ಹದಿನಾಲ್ಕನ್ನೂ ತಂತಿಯಲ್ಲೇ ಕಟ್ಟಿಬಿಟ್ರೆ ಕರೆಂಟ್ ಹೋದ್ರೂ ಅದು ಹೋಗುದಿಲ್ಲ. ವಿಲಾಯತಿಯಲ್ಲಿ ಹೀಗೆ ಮಾಡ್ತಾರೆ ಅಂತ ಓದಿದ್ದೆ. ಮತ್ತೆ ಒಂದೇ ಬಟನ್, ನೋಡಿ!"

"ಆಗ ಸ್ವಿಚ್ ಹಾಕಾಕ ಮನಿಷ್ಯಾ ಬೇಕಾಗೂದಿಲ್ಲೇನ್ರಿ?"

ರಮಾನಾಥರಿಗೆ ಅದು ಹೊಳೆದದ್ದೇ ಆಗ. "ಬೇಕಾಗುದಿಲ್ಲ," ಎಂದರು, ಬಹಳ ಮೆಲ್ಲಗೆ.

ಶಿವಪುತ್ರಪ್ಪನವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಹಂಗಾದ್ರ ತಂತಿ ನಾನ ಕಟ್ಟತೀನ್ರಿ. ಬ್ಯಾರೇದವರು ಕಟ್ಟಿದ್ರ ಸಡ್ಲಾಗತೈತಿ."

ಮೂರು ವಾರ ಕಟ್ಟಿದರು. ಆ ದಿನಗಳಲ್ಲಿ ನಾಗವ್ವ ಒಂದು ಮಾತೂ ಅಣಕಿಸಲಿಲ್ಲ. ರೊಟ್ಟಿಯ ಜೊತೆ ದಿನಾ ಶೇಂಗಾ ಹೋಳಿಗೆ ಕಟ್ಟಿಕೊಟ್ಟರು.

ಹೊಸ ಬಟನ್ ಒತ್ತುವ ದಿನ ರಮಾನಾಥರು ಇವರನ್ನೇ ಮುಂದೆ ಕರೆದರು. ಇವರು ವಿನೋದಿನಿಯ ಕಡೆ ತಿರುಗಿ, "ನಿನ್ನ ಪಟ್ಟಿ ಹರದಾವ ನಾನು. ನೀ ಒತ್ತವಾ," ಎಂದರು. ಅವಳು ಒತ್ತಿದಳು. ಅವಳು ಮತ್ತೆ ತೂತು ಹೊಡೆದ ಪಟ್ಟಿ ಟಕಟಕ ಓಡತೊಡಗಿತು.

ಎಲ್ಲರೂ ಪಟ್ಟಿಯನ್ನು ನೋಡುತ್ತಿದ್ದರೆ ಶಿವಪುತ್ರಪ್ಪನವರು ಮಿಷಿನ್ನಿನ ಹಿಂದೆ ಹೋಗಿ, ತಾವು ಕಟ್ಟಿದ ತಂತಿಗಳಿದ್ದ ಜಾಗದಲ್ಲಿ ಹಲಗೆಯ ಮೇಲೆ ಅಂಗೈ ಊರಿ ನಿಂತಿದ್ದರಂತೆ, ಪಟ್ಟಿ ಪೂರಾ ಒಳಗೆ ಹೋಗುವವರೆಗೂ.