ಮೇಲೆ ತಣ್ಣಗಿದ್ದ ಅರಳೆ

ಮೊನ್ನೆ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಮಾಡುತ್ತಿದ್ದೆ. ಯಾರದೋ ಫೋನು ಬಂತು, ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಮಾತಿಗೆ ನಿಂತೆ. ‘ಏನೋ ಸುಡಾಕ ಹತ್ತೇತ್ರಿ!’ ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಾಗಲೇ ಅರಳೆ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿದದ್ದು. ಅಂಗಿ ಹೋಯಿತು. ಆದರೆ ನನಗೆ ಅಂಗಿಯ ಚಿಂತೆ ಹತ್ತಲಿಲ್ಲ. ನಮ್ಮ ಮಿಸ್ತ್ರಿ ಕಾಕಾ ಕಣ್ಣ ಮುಂದೆ ಬಂದು ನಿಂತರು.

ನಾನು ಬೈಲಹೊಂಗಲದ ಒಂದು ಜಿನ್ನಿಂಗ್ ಮಿಲ್ಲಿಗೆ ಸೂಪರ್‌ವೈಸರ್ ಆಗಿ ಸೇರಿದಾಗ ಅವರು ಅಲ್ಲಿ ಹಿರಿಯ ಮಿಸ್ತ್ರಿ. ಹತ್ತಿಯಿಂದ ಬೀಜ ಬಿಡಿಸುವ ಮಶೀನುಗಳಲ್ಲಿ ಯಾವುದಕ್ಕೆ ಏನಾಗಿದೆ ಎಂಬುದನ್ನು ಸದ್ದು ಕೇಳಿಯೇ ಹೇಳುತ್ತಿದ್ದರು. ದಿನವೂ ಯರಗಟ್ಟಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಡಿಪ್ಲೊಮಾ ಮುಗಿಸಿ ಬಂದಿದ್ದ ನನ್ನನ್ನು ‘ಸಾಹೇಬ್ರ’ ಎನ್ನುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಚೇಷ್ಟೆ ಎಷ್ಟು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ...

ಒಂದು ದಿನ ಹತ್ತಿಯ ಜೊತೆ ಕಲ್ಲೊಂದು ಮಶೀನಿಗೆ ಸಿಕ್ಕು ಕಿಡಿ ಹಾರಿತು. ಕಾಕಾ ಮಶೀನು ನಿಲ್ಲಿಸಿ, ಹೊತ್ತಿಕೊಂಡ ಅರಳೆಗೆ ನೀರು ಹಾಕಿಸಿದರು. ಚೆನ್ನಾಗಿಯೇ ಕಾಣುತ್ತಿದ್ದ ಉಳಿದ ಅರಳೆಯನ್ನೂ ಹೊರಗೆ ತರಿಸಿ ಅಂಗಳದಲ್ಲಿ ಬೇರೆಯಾಗಿ ಇಡಿಸಿದರು. ‘ಇದನ್ನ ನಾಳಿ ಸಂಜಿ ತನಕಾ ಒಳಗ ತರಬ್ಯಾಡ್ರಿ, ಸಾಹೇಬ್ರ’ ಎಂದು ಹೇಳಿ ತಮ್ಮ ಬಸ್ಸಿಗೆ ಹೋದರು.

ಅವರು ಹೋದ ಮೇಲೆ ಮೋಡ ಕವಿಯಿತು. ಮಳೆಗೆ ತೊಯ್ದರೆ ಇದೂ ಹಾಳಾಗುತ್ತದಲ್ಲ ಎಂದುಕೊಂಡು ರಾಶಿಯ ಮೇಲೆ ಕೈಯಿಟ್ಟು ನೋಡಿದೆ. ತಣ್ಣಗಿತ್ತು. ಇಬ್ಬರು ಹಮಾಲರನ್ನು ಕರೆದು ಎಲ್ಲವನ್ನೂ ಗೋದಾಮಿಗೆ ಹಾಕಿಸಿದೆ, ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಆಮೇಲೆ ಒಂದು ಹನಿ ಮಳೆಯೂ ಬೀಳಲಿಲ್ಲ. ಮರುದಿನ ಕಾಕಾನ ಬಸ್ಸು ಬರುವ ಮೊದಲೇ ಗೋದಾಮಿನಿಂದ ಹೊಗೆ ಬಂತು. ಅರಳೆಯ ಬೆಂಕಿ ಹಾಗೆಯೇ. ಮೇಲೆ ಏನೂ ಕಾಣದು, ಹೊಟ್ಟೆಯಲ್ಲಿ ಸುಡುತ್ತಿರುತ್ತದೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಪಕ್ಕದಲ್ಲಿದ್ದ ಒಳ್ಳೆಯ ಮಾಲೂ ಸುಟ್ಟುಹೋಯಿತು.

‘ಇದನ್ನ ಒಳಗ ಯಾರ್ ತರಿಸಿದ್ರು?’ ಎಂದು ಮಿಲ್ಲಿನ ಮಾಲೀಕರಾದ ಸಾಹುಕಾರರು ಕೇಳಿದರು. ಹಮಾಲರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಮಿಲ್ಲಿನಲ್ಲಿ ಬೆಂಕಿಯ ವಿಷಯವೆಲ್ಲ ಮೊದಲಿನಿಂದ ಮಿಸ್ತ್ರಿಯದೇ, ಹಾಗಾಗಿ ಸಾಹುಕಾರರು ಅವರ ಕಡೆ ತಿರುಗಿದರು. ‘ಕಾಕಾ, ನಿಮಗ ವಯಸ್ಸಾತು. ನಾಳಿಯಿಂದ ಮಶೀನ್ ಬಿಡ್ರಿ, ಸಾಮಾನಿನ ಖೋಲ್ಯಾಗ ಕುಂದರ್ರಿ.’

ಕಾಕಾ ನನ್ನತ್ತ ಒಮ್ಮೆ ನೋಡಿದರು. ಮರುದಿನದಿಂದ ಆ ಖೋಲಿಯಲ್ಲಿ ಕುಳಿತು ಬೇರೆಯವರಿಗೆ ನಟ್ಟು ಬೋಲ್ಟು ಕೊಡತೊಡಗಿದರು. ಅದರ ಮುಂದೆ ಹಾಯುವಾಗಲೆಲ್ಲ ನಾನು ಫೋನು ಕಿವಿಗೆ ಹಿಡಿದುಕೊಳ್ಳುತ್ತಿದ್ದೆ. ಆ ಕಡೆ ಯಾರೂ ಇರುತ್ತಿರಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಆಗ ಹುಬ್ಬಳ್ಳಿಯಲ್ಲಿ ಜಿನ್ನಿಂಗ್ ಮಿಲ್ಲಿನವರ ಸಮ್ಮೇಳನ ಬಂತು. ‘ನೀವು ಓದಿದವ್ರು’ ಎಂದು ಸಾಹುಕಾರರು ನನ್ನ ಹೆಸರು ಕೊಟ್ಟರು. ಮಾತಾಡಬೇಕಾದ ವಿಷಯ, ಮಿಲ್ಲಿನಲ್ಲಿ ಬೆಂಕಿ ತಡೆಯುವುದು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಲ್ಲಿ ಹೊಸ ಮಶೀನುಗಳ ಪ್ರದರ್ಶನವಿದ್ದುದರಿಂದ, ನೋಡಿ ಹೇಳಲಿ ಎಂದು ಕಾಕಾನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ದಾರಿಯುದ್ದಕ್ಕೂ ನಾನು ಭಾಷಣದ ಹಾಳೆ ಓದುತ್ತಲೇ ಇದ್ದೆ.

ಇಂಟರ್ನೆಟ್ಟಿನಿಂದ ಎತ್ತಿಕೊಂಡ ಭಾಷಣ ಅದು. ನನಗಿಂತ ಮೊದಲು ಮಾತಾಡಿದ ಮಹಾಶಯರೂ ಅಲ್ಲಿಂದಲೇ ಎತ್ತಿದ್ದರು. ಅದೇ ಮಾತು, ಅದೇ ಚಿತ್ರ. ನನ್ನ ಸರದಿ ಬಂದಾಗ ಹೇಳಲು ಏನೂ ಉಳಿದಿರಲಿಲ್ಲ, ಅರ್ಧ ಮಂದಿ ಚಹಾಕ್ಕೆ ಏಳುತ್ತಿದ್ದರು. ಮೈಕಿನ ಮುಂದೆ ಬೆವರುತ್ತ ನಿಂತೆ. ಮೂರನೇ ಸಾಲಿನಲ್ಲಿ ಕಾಕಾ, ಸಮ್ಮೇಳನದಲ್ಲಿ ಕೊಟ್ಟ ಚೀಲ ತೊಡೆಯ ಮೇಲಿಟ್ಟುಕೊಂಡು, ಇವನು ಏನು ಹೇಳುತ್ತಾನೋ ಎಂದು ನಿಜವಾಗಿಯೂ ಕಾಯುತ್ತಿದ್ದರು. ಪಕ್ಕದಲ್ಲಿ ಸಾಹುಕಾರರು.

ಹಾಳೆ ಮಡಚಿದೆ. ‘ನಮ್ಮ ಮಿಲ್ಲಿನಲ್ಲಿ ಒಮ್ಮೆ ಬೆಂಕಿ ಬಿತ್ತು. ಹಚ್ಚಿದ್ದು ನಾನೇ’ ಎಂದೆ. ಎದ್ದವರು ಕುಳಿತರು. ಮೋಡ, ತಣ್ಣಗಿದ್ದ ರಾಶಿ, ಹಮಾಲರು, ನಾನು ನೆಲ ನೋಡಿದ್ದು, ನನ್ನ ತಪ್ಪಿಗೆ ಬೇರೆಯವರು ಮಶೀನು ಬಿಡಬೇಕಾದದ್ದು... ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಎದೆ ಹಗುರಾಯಿತು. ನೌಕರಿ ಹೋದರೆ ಹೋಗಲಿ ಅನ್ನಿಸಿತು.

ಗದಗಿನ ಕಡೆಯವರೊಬ್ಬರು ಎದ್ದು, ‘ನಮ್ಮಲ್ಲೂ ಹಿಂಗ ಆಗೇತ್ರಿ. ಒಳಗ ಬೆಂಕಿ ಐತೋ ಇಲ್ಲೋ ಹೆಂಗ ತಿಳ್ಕೋಬೇಕ್ರಿ?’ ಎಂದು ಕೇಳಿದರು. ‘ಅದನ್ನು ನಮ್ಮ ಕಾಕಾ ಹೇಳಬೇಕು’ ಎಂದೆ. ಮೈಕು ಅವರ ಕೈಗೆ ಹೋಯಿತು.

‘ಮ್ಯಾಲ ಮುಟ್ಟಿ ನಂಬಬ್ಯಾಡ್ರಿ. ರಾಶಿ ಒಡದು ಬಿಚ್ಚಿ ಹರವ್ರಿ. ಮೊಳಕೈ ಮಟ ಕೈ ಹಾಕ್ರಿ. ಬೆಚ್ಚಗ ಹತ್ತಿದ್ರ ಮತ್ತ ಬಿಚ್ರಿ. ಒಂದ್ ಪೂರಾ ದಿನ ಹೊರಗ ಬಿಡ್ರಿ. ಅವಸರ ಮಾಡಬ್ಯಾಡ್ರಿ’ ಎಂದವರೇ ಮೈಕು ವಾಪಸು ಕೊಟ್ಟರು. ಚಪ್ಪಾಳೆ ಬಿದ್ದದ್ದು ಅದಕ್ಕೆ.

ಬರುವಾಗ ಧಾರವಾಡ ದಾಟಿದ ಮೇಲೆ ಸಾಹುಕಾರರು ಕಾಕಾನ ಕಡೆ ತಿರುಗಿದರು. ‘ಕಾಕಾ, ನಾಳಿಯಿಂದ ಮಶೀನ್ ಕಡೆ ಬರ್ರಿ. ಈ ಸಾಹೇಬ್ರು ಆರು ತಿಂಗಳು ನಿಮ್ಮ ಕೈಕೆಳಗ ಕಲೀಲಿ’ ಎಂದರು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಬಡ್ತಿ ಇನ್ನೊಂದಿಲ್ಲ.

ಕಾರು ಇಳಿದ ಮೇಲೆ ನಾನು ಮೆಲ್ಲಗೆ ಕೇಳಿದೆ, ‘ಕಾಕಾ, ಅವತ್ತ ನೀವ್ಯಾಕ ಹೇಳಲಿಲ್ರಿ?’

‘ನಾ ಹೇಳಿದ್ರ ಚಾಡಿ ಆಗ್ತಿತ್ತು’ ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ ನಕ್ಕರು. ‘ಇದೊಂದ್ ಮಾತಿಗೆ ಇಷ್ಟ್ ಮಂದೀನ್ನ ಕೂಡಸಬೇಕಾತೇನ್ರಿ, ಸಾಹೇಬ್ರ? ಖೋಲಿಗೆ ಬಂದು ನನ್ನ ಮುಂದ ಅಂದಿದ್ರ ಸಾಕಿತ್ತಲ್ಲ.’

ಈಗ ನನ್ನನ್ನು ಬೇರೆ ಊರಿನ ಮಿಲ್ಲುಗಳೂ ಮಾತಿಗೆ ಕರೆಯುತ್ತವೆ. ಎಲ್ಲಿ ಹೋದರೂ ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಕಾಕಾ ಹೋದ ವರ್ಷ ತೀರಿಕೊಂಡರು. ಅವರೊಬ್ಬರ ಎದುರಿಗೆ ಕುಳಿತು ‘ತಪ್ಪಾತ್ರಿ, ಕಾಕಾ’ ಎಂದು ನಾನು ಹೇಳಲೇ ಇಲ್ಲ. ಮಂದಿಯ ಮುಂದೆ ಹೇಳಿ ಆಗಿದೆಯಲ್ಲ ಎಂದು ದಿನ ದೂಡಿದೆ. ಅದೊಂದು ಉಳಿದೇ ಹೋಯಿತು... ಆದರೂ ಅವರು ಮೂರನೇ ಸಾಲಿನಲ್ಲಿ ಕುಳಿತು ಕೇಳಿಸಿಕೊಂಡರು, ಮರುದಿನ ಮಶೀನಿನ ಮುಂದೆ ಬಂದು ನಿಂತರು. ಅವರು ಇರುವಾಗಲೇ ಅಷ್ಟಾದರೂ ಆಯಿತು.